ಕೊಠಡಿ ಸಂಖ್ಯೆ ೧೧-ಅ: ಇಬ್ಬರು ಮಲಗುವ ಡೇರೆಯ ಆಯ್ಕೆ ಕುರಿತು

ಸುತ್ತೋಲೆ

ಸಂಖ್ಯೆ: ರವಾನೆ/ಡೇರೆ/ಇಬ್ಬರು/೧೧-ಅ
ದಿನಾಂಕ: ಸೋಮವಾರ, ಬೆಳಗಿನ ಚಹಾದ ನಂತರ

ವಿಷಯ: ನೌಕರರು ಮೋಟಾರ್ ಸೈಕಲ್ಲಿನಲ್ಲಿ ಪ್ರವಾಸ ಹೋಗಿ ಬಯಲಿನಲ್ಲಿ ತಂಗುವಾಗ ಕೊಂಡೊಯ್ಯುವ, ಮಡಚಿದರೆ ಚಿಕ್ಕದಾಗುವ ಮತ್ತು ಬಿಚ್ಚಿದರೆ ಇಬ್ಬರಿಗೆ ಸಾಲುವ ಡೇರೆಯನ್ನು ಆರಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
೧. ರವಾನೆ ಶಾಖೆಯ ಗುಮಾಸ್ತರ ರಜೆ ಅರ್ಜಿ.
೨. ಸದರಿ ಅರ್ಜಿಯ ಮೇಲೆ ಅಧೀಕ್ಷಕರ ಆಕ್ಷೇಪಣೆ.
೩. ಆಕ್ಷೇಪಣೆಗೆ ಗುಮಾಸ್ತರ ಸಮಜಾಯಿಷಿ.
೪. ಸಮಜಾಯಿಷಿಯ ಮೇಲೆ ಅಧೀಕ್ಷಕರ ಇನ್ನೊಂದು ಆಕ್ಷೇಪಣೆ.
೫. ಗುಮಾಸ್ತರ ಧರ್ಮಪತ್ನಿಯವರು ಖುದ್ದು ಹಾಜರಾಗಿ, ಮೂರು ಶಾಖೆಗಳಿಗೆ ಕೇಳಿಸುವಂತೆ ನೀಡಿದ ಮೌಖಿಕ ಹೇಳಿಕೆ.

ಪ್ರಸ್ತಾವನೆ

ಕಳೆದ ವಾರ ಈ ಕಚೇರಿಯ ಸಭಾಂಗಣದಲ್ಲಿ ನಡೆದದ್ದರ ಬಗ್ಗೆ ಬಾಯಿಗೆ ಬಂದಂತೆ ಮಾತಾಡಲಾಗುತ್ತಿದೆ ಎಂಬುದು ಗಮನಕ್ಕೆ ಬಂದಿದೆ. ಚಹಾದಂಗಡಿಯಲ್ಲಿ ಒಂದು ಕಥೆ, ಸೈಕಲ್ ಸ್ಟ್ಯಾಂಡಿನಲ್ಲಿ ಇನ್ನೊಂದು ಕಥೆ ಹುಟ್ಟಿಕೊಂಡಿದ್ದು, ಎರಡರಲ್ಲೂ ಅಧೀಕ್ಷಕರ ಗೊರಕೆಯನ್ನು ವಿನಾಕಾರಣ ಸೇರಿಸಲಾಗಿದೆ. ಆದುದರಿಂದ ನಡೆದದ್ದನ್ನು ನಡೆದಂತೆ ದಾಖಲಿಸಿ, ಇನ್ನು ಮುಂದೆ ಹಾಗೆ ನಡೆಯದಂತೆ ನಿಯಮ ರೂಪಿಸುವುದು ಅವಶ್ಯವೆಂದು ಮನಗಾಣಲಾಗಿದೆ.

ರವಾನೆ ಶಾಖೆಯ ಗುಮಾಸ್ತರನ್ನು ಈ ಸುತ್ತೋಲೆಯಲ್ಲಿ ‘ಸದರಿ ನೌಕರರು’ ಎಂದು ಕರೆಯತಕ್ಕದ್ದು. ಆದರೆ ಇಡೀ ದಿನ ಲಕೋಟೆ ಅಂಟಿಸುವ ಅವರನ್ನು ಕಚೇರಿಯಲ್ಲಿ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ ‘ಗೋಂದಣ್ಣ’ ಎನ್ನುವುದರಿಂದ, ಸದರಿ ನೌಕರರು ಎಂದರೆ ಯಾರೆಂದು ಸದರಿ ನೌಕರರಿಗೇ ತಿಳಿಯುವುದಿಲ್ಲ. ಹಾಗಾಗಿ ಗೋಂದಣ್ಣ ಎಂದೇ ಬರೆಯಲಾಗಿದೆ.

ಗೋಂದಣ್ಣನವರ ಧರ್ಮಪತ್ನಿ ಹೆರಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಬೀದಿಯವರು ನರ್ಸಮ್ಮ ಎನ್ನುತ್ತಾರೆ. ಆಕೆ ಬೆಳಿಗ್ಗೆ ಮನೆಗೆ ಬರುವ ಹೊತ್ತಿಗೆ ಇವರು ಕಚೇರಿಗೆ ಹೊರಡುತ್ತಾರೆ. ಇವರು ಸಂಜೆ ಮನೆಗೆ ಬರುವ ಹೊತ್ತಿಗೆ ಆಕೆ ಆಸ್ಪತ್ರೆಗೆ ಹೊರಡುತ್ತಾರೆ. ಮನೆಗೆ ಬೀಗದ ಕೈ ಒಂದೇ ಇದ್ದು, ಅದನ್ನು ಹೊಸ್ತಿಲ ಮೇಲೆ ಕೈ ಬದಲಾಯಿಸಲಾಗುತ್ತದೆ. ಮಂಚವೂ ಒಂದೇ, ಅದನ್ನೂ ಪಾಳಿಯ ಪ್ರಕಾರ ಬಳಸಲಾಗುತ್ತಿದೆ. ವಾರದ ರಜೆಯಂತೂ ಒಬ್ಬರಿಗೆ ಬಂದ ದಿನ ಇನ್ನೊಬ್ಬರಿಗೆ ಬಂದ ನಿದರ್ಶನವೇ ಇಲ್ಲ. ಇಬ್ಬರೂ ಒಂದೇ ಸೂರಿನಡಿ ಒಂದೇ ಹೊತ್ತಿಗೆ ಕಣ್ಣು ಮುಚ್ಚಿದ್ದು ಯಾವಾಗ ಎಂದು ಕೇಳಲಾಗಿ, ಗೋಂದಣ್ಣನವರು ಬೆರಳು ಮಡಚಿ ಎಣಿಸಲು ತೊಡಗಿ, ಅರ್ಧಕ್ಕೇ ಬಿಟ್ಟು, “ಹೋಗ್ಲಿ ಬಿಡಿ ಸಾರ್, ಆ ಲೆಕ್ಕ ಯಾಕೆ” ಎಂದಿರುವುದನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

ಹೀಗಿರುವಲ್ಲಿ, ನರ್ಸಮ್ಮನವರ ಸಹೋದ್ಯೋಗಿಯೊಬ್ಬರು ಶುಕ್ರವಾರದಿಂದ ಭಾನುವಾರದವರೆಗೆ ಅವರ ಪಾಳಿಯನ್ನು ತಾವು ಮಾಡಿಕೊಡುವುದಾಗಿ ಒಪ್ಪಿದರು. ಈ ಸಹೋದ್ಯೋಗಿ ಮತ್ತೊಮ್ಮೆ ಒಪ್ಪುವ ಸಂಭವವಿಲ್ಲ. ಮುಂದಿನ ತಿಂಗಳು ಅವರಿಗೇ ಹೆರಿಗೆ. ಆದ್ದರಿಂದ ಹೋದರೆ ಈ ಶುಕ್ರವಾರವೇ ಹೋಗಬೇಕು, ಇಲ್ಲವಾದರೆ ಇಲ್ಲ ಎಂಬ ಪರಿಸ್ಥಿತಿ ಉದ್ಭವಿಸಿತು. ಮೂರು ದಿನ ಮೋಟಾರ್ ಸೈಕಲ್ಲಿನಲ್ಲಿ ಸುತ್ತಿ, ಕೆರೆ ದಂಡೆಯಲ್ಲಿ ಡೇರೆ ಹಾಕಿ ಮಲಗುವುದೆಂದು ಹೊಸ್ತಿಲ ಮೇಲೆಯೇ, ಬೀಗದ ಕೈ ಬದಲಾಗುವಷ್ಟರೊಳಗೆ, ಗಂಡ ಹೆಂಡತಿ ತೀರ್ಮಾನಿಸಿದರು.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ರಜೆಯ ಕಾರಣ. ರಜೆ ಅರ್ಜಿಯಲ್ಲಿ ಕಾರಣ ಕೇಳಿರುವಲ್ಲಿ ‘ಸ್ವಂತ ಕೆಲಸ’ ಎಂದು ಬರೆಯತಕ್ಕದ್ದು. ಈ ಕಚೇರಿ ಶುರುವಾದಂದಿನಿಂದ ಮದುವೆಗೆ ಹೋದವರೂ, ಮನೆ ಕಟ್ಟಿದವರೂ, ಸುಮ್ಮನೆ ಮುಸುಕೆಳೆದು ಮಲಗಿದವರೂ ಹಾಗೆಯೇ ಬರೆದಿದ್ದು, ಯಾರಿಗೂ ಏನೂ ಆಗಿಲ್ಲ. ಗೋಂದಣ್ಣನವರು ಮಾತ್ರ ಖುಷಿ ತಡೆಯಲಾರದೆ, ‘ಹೆಂಡತಿಯನ್ನು ಮೋಟಾರ್ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಡೇರೆಯಲ್ಲಿ ಮಲಗುವುದು’ ಎಂದು ಇದ್ದದ್ದನ್ನು ಇದ್ದಂತೆ ಬರೆದುಬಿಟ್ಟರು. ನಿಜ ಬರೆದಿರುವ ಅರ್ಜಿಯನ್ನು ವಿಲೇವಾರಿ ಮಾಡಿದ ಪೂರ್ವನಿದರ್ಶನ ಯಾವ ಶಾಖೆಯಲ್ಲೂ ಸಿಗದ ಕಾರಣ ಅದು ಅಧೀಕ್ಷಕರ ಮೇಜಿಗೆ ಬಂದಿತು. ಇನ್ನು ಮುಂದೆ ನೌಕರರು ಖುಷಿಯಲ್ಲಿರುವಾಗ ಅರ್ಜಿ ಬರೆಯತಕ್ಕದ್ದಲ್ಲ.

೨. ರಜೆಯ ಅವಧಿಯ ವಿಳಾಸ. ರಜೆಯಲ್ಲಿರುವ ನೌಕರರನ್ನು ತುರ್ತಾಗಿ ಕರೆಸಿಕೊಳ್ಳಬೇಕಾದರೆ ಅವರ ವಿಳಾಸ ಕಚೇರಿಯಲ್ಲಿರಬೇಕು. ಇದುವರೆಗೆ ಯಾರನ್ನೂ ಕರೆಸಿಕೊಂಡಿಲ್ಲ, ಅದು ಬೇರೆ ಮಾತು. ಗೋಂದಣ್ಣನವರು ವಿಳಾಸದ ಜಾಗದಲ್ಲಿ ‘ಡೇರೆ’ ಎಂದು ಬರೆದಿದ್ದರು. ಡೇರೆಯ ಬಾಗಿಲ ಸಂಖ್ಯೆ ಏನೆಂದು ಆಕ್ಷೇಪಿಸಲಾಗಿ, ಬಾಗಿಲಿದೆ, ಸಂಖ್ಯೆ ಇಲ್ಲ ಎಂದು ಸಮಜಾಯಿಷಿ ನೀಡಿದರು. ಸಂಖ್ಯೆಯಿಲ್ಲದ ಬಾಗಿಲು ನಿಜಕ್ಕೂ ಬಾಗಿಲೇ ಎಂಬುದನ್ನು ಕಣ್ಣಾರೆ ಕಾಣದೆ ಹೇಳಲಾಗದು ಎಂಬ ಕಾರಣಕ್ಕೆ, ಡೇರೆಯನ್ನು ಬುಧವಾರ ಬೆಳಿಗ್ಗೆ ಕಚೇರಿಯಲ್ಲಿ ಹಾಜರುಪಡಿಸುವಂತೆ ಸೂಚಿಸಲಾಯಿತು. ಶುಕ್ರವಾರ ಹೊರಡಬೇಕಾದವರಿಗೆ ನಡುವೆ ಉಳಿಯುವುದು ಗುರುವಾರ ಮಾತ್ರ. ಆದರೂ ಗೋಂದಣ್ಣನವರು ಹೇಳಿದ್ದು “ಆಗ್ಲಿ ಸಾರ್” ಎಂದು. ಸೇವೆಗೆ ಸೇರಿದಂದಿನಿಂದ ಅದೊಂದೇ ಮಾತು ರೂಢಿಯಾದ ನಾಲಿಗೆಯಲ್ಲಿ ಬೇರೆ ಮಾತು ಎಲ್ಲಿಂದ ಬರಬೇಕು?

೩. ಮಡಚಿದಾಗಿನ ಅಳತೆ. ಡೇರೆಯ ಚೀಲವನ್ನು ಮೋಟಾರ್ ಸೈಕಲ್ಲಿನ ಹಿಂದೆ ಅಡ್ಡಲಾಗಿ ಕಟ್ಟಿದಾಗ ಅದು ಹ್ಯಾಂಡಲ್ಲಿನ ಅಗಲವನ್ನು ಮೀರತಕ್ಕದ್ದಲ್ಲ. ಗೋಂದಣ್ಣನವರು ಮೊದಲು ಕೊಂಡಿದ್ದ ಡೇರೆಯ ಕೋಲುಗಳು ಉದ್ದ. ಅದನ್ನು ಕಟ್ಟಿಕೊಂಡು ಕಚೇರಿಯ ಗೇಟಿನೊಳಗೆ ನುಗ್ಗಿದಾಗ ಚೀಲದ ಎರಡು ತುದಿಯೂ ಎರಡು ಕಂಬಕ್ಕೆ ಸಿಕ್ಕಿ, ಮೋಟಾರ್ ಸೈಕಲ್ ಮುಂದಕ್ಕೆ ಹೋಯಿತು, ಡೇರೆ ಮತ್ತು ಗೋಂದಣ್ಣ ಅಲ್ಲೇ ಉಳಿದರು. ಕಾವಲುಗಾರರು ಇದನ್ನು ಒಬ್ಬರ ಆಗಮನವೆಂದು ಬರೆದುಕೊಳ್ಳಬೇಕೋ ಮೂವರ ಆಗಮನವೆಂದೋ ತಿಳಿಯದೆ ಸಾಹೇಬರಿಗೆ ಫೋನು ಮಾಡಿದರು. ಅಂದೇ ಅಂಗಡಿಗೆ ಹೋಗಿ, ಗಿಣ್ಣು ಗಿಣ್ಣಾಗಿ ಮಡಚುವ ಗಿಡ್ಡ ಕೋಲಿನ ನೀಲಿ ಡೇರೆಯನ್ನು ಬದಲಿಗೆ ತರಲಾಯಿತು. ಆದ್ದರಿಂದ ನೌಕರರು ಡೇರೆ ಆರಿಸುವಾಗ ಬಿಚ್ಚಿದಾಗಿನ ಚೆಂದಕ್ಕೆ ಮರುಳಾಗದೆ ಮಡಚಿದಾಗಿನ ಉದ್ದವನ್ನು ಮೊದಲು ನೋಡತಕ್ಕದ್ದು. ಅಂಗಡಿಗೆ ಅಳತೆಪಟ್ಟಿ ಒಯ್ಯಲು ಮರೆತಲ್ಲಿ ಹಾಜರಿ ಪುಸ್ತಕದ ಉದ್ದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು. ಹಾಜರಿ ಪುಸ್ತಕವನ್ನೇ ನೋಡಿರದ ನೌಕರರು ನೋಡಿರುವವರನ್ನು ಕೇಳತಕ್ಕದ್ದು.

೪. ತೂಕ. ಕಾಗದಪತ್ರ ತೂಗುವ ರವಾನೆ ಶಾಖೆಯ ತಕ್ಕಡಿಯಲ್ಲಿ ಡೇರೆಯನ್ನು ತೂಗಲಾಯಿತು. ಒಟ್ಟಿಗೆ ತೂಗಲಾಗದ್ದರಿಂದ ಬಿಡಿಬಿಡಿಯಾಗಿ ತೂಗಿ, ಪ್ರತಿ ಬಿಡಿಭಾಗಕ್ಕೂ ಗೋಂದಣ್ಣನವರು ಕೈ ಅಭ್ಯಾಸದ ಮೇಲೆ ‘ರವಾನಿಸಿದೆ’ ಎಂಬ ಮುದ್ರೆ ಒತ್ತಿದರು. ಈ ಮುದ್ರೆ ಡೇರೆಯ ಮೇಲ್ಹೊದಿಕೆಯ ಮೇಲೆ ಈಗಲೂ ಕಾಣುತ್ತಿದ್ದು, ಒರೆಸಿದರೆ ಹೋಗುತ್ತಿಲ್ಲ. ತೂಕ ಹಿಂದಿನ ಚಕ್ರಕ್ಕೆ ಮಾತ್ರ ಬೀಳದಂತೆ ಕಟ್ಟತಕ್ಕದ್ದು. ಹಿಂದೆ ಕೂರುವ ಧರ್ಮಪತ್ನಿಯವರ ಬೆನ್ನಿಗೆ ಒತ್ತದಂತೆಯೂ ಕಟ್ಟತಕ್ಕದ್ದು. ಇವೆರಡೂ ಏಕಕಾಲಕ್ಕೆ ಸಾಧ್ಯವಾಗದಿದ್ದಲ್ಲಿ ಚಕ್ರವನ್ನು ಕಡೆಗಣಿಸಬಹುದು. ಧರ್ಮಪತ್ನಿಯವರನ್ನು ಕಡೆಗಣಿಸುವವರು ಸ್ವಂತ ಜವಾಬ್ದಾರಿಯ ಮೇಲೆ ಕಡೆಗಣಿಸತಕ್ಕದ್ದು.

೫. ಗೂಟಗಳು. ಸಭಾಂಗಣದ ನೆಲಕ್ಕೆ ಗೂಟ ಹೊಡೆಯಲು ಅನುಮತಿಯಿಲ್ಲ. ಆದರೂ ಡೇರೆ ನೆಟ್ಟಗೆ ನಿಂತಿತು, ಏಕೆಂದರೆ ಅದು ಕೋಲುಗಳ ಬಲದಿಂದಲೇ ನಿಲ್ಲುವ ಜಾತಿಯದು. ನೌಕರರು ಇಂಥದ್ದನ್ನೇ ಆರಿಸತಕ್ಕದ್ದು. ಫ್ಯಾನಿನ ಗಾಳಿಗೆ ಅದು ಜರುಗಿದಾಗ ನಾಲ್ಕೂ ಮೂಲೆಗೆ ಬಾಕಿ ಕಡತಗಳ ಕಟ್ಟುಗಳನ್ನು ಇಡಲಾಯಿತು, ಆಮೇಲೆ ಅಲುಗಾಡಲಿಲ್ಲ. ಬಾಕಿ ಕಡತಗಳಿಂದ ಇಲಾಖೆಗೆ ಆದ ಮೊದಲ ಪ್ರಯೋಜನ ಇದು. ಬಯಲಿಗೆ ಹೋಗುವ ನೌಕರರು ಕಡತಗಳನ್ನು ಕೊಂಡೊಯ್ಯುವಂತಿಲ್ಲ, ಕಲ್ಲುಗಳಿಂದ ತೃಪ್ತಿಪಡತಕ್ಕದ್ದು.

೬. ಇಬ್ಬರ ಸಾಮರ್ಥ್ಯ. ಅಂಗಡಿಯವರು ‘ಇಬ್ಬರ ಡೇರೆ’ ಎಂದ ಮಾತ್ರಕ್ಕೆ ಇಬ್ಬರು ಹಿಡಿಸುತ್ತಾರೆಂದು ನಂಬತಕ್ಕದ್ದಲ್ಲ. ಖುದ್ದು ಮಲಗಿ ನೋಡತಕ್ಕದ್ದು. ಈ ಪರೀಕ್ಷೆಗೆ ಅಧೀಕ್ಷಕರನ್ನೂ ಉಗ್ರಾಣಾಧಿಕಾರಿಯವರನ್ನೂ ನೇಮಿಸಲಾಯಿತು. ಸದರಿ ಇಬ್ಬರು ಒಂದು ತಿರುಗುವ ಕುರ್ಚಿ ಯಾರ ಪಾಲಿಗೆಂಬ ವಿಚಾರದಲ್ಲಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಏನಿದ್ದರೂ ಜವಾನನ ಮೂಲಕ. ಬುಧವಾರ ಊಟವಾದ ಮೇಲೆ ಇಬ್ಬರೂ ಬೂಟು ಬಿಚ್ಚಿ ಡೇರೆಯೊಳಗೆ ಅಕ್ಕಪಕ್ಕ ಮಲಗಿದರು. ಒಬ್ಬರು ಆ ಕಡೆ ಮುಖ ಮಾಡಿದರು, ಇನ್ನೊಬ್ಬರು ಈ ಕಡೆ. ಜಿಪ್ಪು ಎಳೆಯಲಾಯಿತು. ಹೊರಗೆ ಗೋಂದಣ್ಣನವರು ಕೈ ಕಟ್ಟಿ ನಿಂತು, ಪರೀಕ್ಷೆ ಬೇಗ ಮುಗಿದರೆ ಸಾಕಪ್ಪಾ ಎಂದುಕೊಳ್ಳುತ್ತಿದ್ದರು.

ಪರೀಕ್ಷೆ ಸಂಜೆಯವರೆಗೆ ಮುಂದುವರಿಯಿತು. ಡೇರೆಯ ಬಟ್ಟೆ ಉಬ್ಬುತ್ತ ತಗ್ಗುತ್ತ ಇತ್ತೆಂದು ಹೊರಗಿದ್ದವರು ಹೇಳಿದ್ದಾರೆ, ಇದನ್ನು ಅಲ್ಲಗಳೆಯಲಾಗಿದೆ. ಹೊರಬಂದ ಉಗ್ರಾಣಾಧಿಕಾರಿಯವರು ಕೂದಲು ಸರಿಮಾಡಿಕೊಳ್ಳುತ್ತ, “ಏನ್ರೀ ನಿಮ್ಮ ಗೊರಕೆ, ಲಾರಿ ಹೋದ ಹಾಗೆ!” ಎಂದರು. “ನಿಮ್ಮ ಮೊಣಕೈ ಏನು ಕಮ್ಮೀನಾ? ಪಕ್ಕೆ ಮುರಿದುಹೋಯ್ತು ನಂದು” ಎಂದು ಅಧೀಕ್ಷಕರು ಉತ್ತರಿಸಿದರು. ಅಷ್ಟು ವರ್ಷಗಳ ನಂತರ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತುಗಳು ಇವು. ಬಳಿಕ ಒಟ್ಟಿಗೆ ಚಹಾ ಕುಡಿದರು. ಡೇರೆಯೊಳಗೆ ಇಬ್ಬರು ಹಿಡಿಸುತ್ತಾರೆ, ಆದರೆ ಇಬ್ಬರ ನಡುವೆ ಮುನಿಸು ಹಿಡಿಸುವುದಿಲ್ಲ ಎಂದು ಷರಾ ಬರೆಯಲಾಗಿದೆ. ಅಧೀಕ್ಷಕರು ಪೆನ್ನು ಒಳಗೆ ಬಿದ್ದಿರಬಹುದೆಂದು ಮತ್ತೊಮ್ಮೆ ಒಳಹೋಗಿ ಬಹಳ ಹೊತ್ತು ಹುಡುಕಿದರು. ಪೆನ್ನು ಜೇಬಿನಲ್ಲೇ ಇತ್ತು.

೭. ಗಾಳಿ ಸಂಚಾರ. ಗುರುವಾರ ಬೆಳಿಗ್ಗೆ ನೋಡಲಾಗಿ ಡೇರೆಯ ಒಳಗೋಡೆಗೆ ಹನಿ ಹನಿಯಾಗಿ ನೀರು ಅಂಟಿತ್ತು. ಇದು ಇಬ್ಬರು ಅಧಿಕಾರಿಗಳ ಉಸಿರು ಎಂದು ಗೋಂದಣ್ಣನವರು ಎಷ್ಟು ಹೇಳಿದರೂ ಕೇಳದೆ, ಸೋರಿಕೆ ಎಂದು ಭಾವಿಸಿ ಕಟ್ಟಡ ಶಾಖೆಗೆ ದೂರು ಕೊಡಲಾಯಿತು. ಕಿಟಕಿಯ ಬಲೆಗಳನ್ನು ತೆರೆದಿಟ್ಟಿದ್ದರೆ ಈ ಸುತ್ತೋಲೆ ಇಲ್ಲಿಗೇ ಮುಗಿಯುತ್ತಿತ್ತು. ಆದುದರಿಂದ ಗಾಳಿಯಾಡಲು ಮೇಲೊಂದು ಕೆಳಗೊಂದು ಕಿಂಡಿಯಿರುವ, ಒಳಗೊಂದು ಹೊರಗೊಂದು ಪದರವಿರುವ ಡೇರೆಯನ್ನೇ ಆರಿಸಿ, ಕಿಂಡಿಗಳನ್ನು ತೆರೆದಿಟ್ಟು ಮಲಗತಕ್ಕದ್ದು. ಅಧಿಕಾರಿಗಳು ಒಳಗಿದ್ದಲ್ಲಿ ಉಸಿರಾಟವನ್ನು ಕಡಿಮೆ ಮಾಡಲು ಕೋರಲಾಗಿದೆ.

೮. ಡೇರೆಯು ಕೊಠಡಿಯಾಗುವುದು. ಕಟ್ಟಡ ಶಾಖೆಯವರು ತಮ್ಮ ಪಟ್ಟಿಯಲ್ಲಿ ಇಲ್ಲದ ಕೊಠಡಿಯ ಸೋರಿಕೆಯನ್ನು ಸರಿಪಡಿಸುವಂತಿಲ್ಲ. ಬಂದು ನೋಡಿದರು: ಸೂರಿದೆ, ನೆಲವಿದೆ, ಬಾಗಿಲಿದೆ, ಎರಡು ಕಿಟಕಿಯೂ ಇದೆ. ಪಟ್ಟಿಗೆ ಸೇರಿಸಿಯೇ ಬಿಟ್ಟರು. ಸಭಾಂಗಣದ ಸಂಖ್ಯೆ ಹನ್ನೊಂದು ಆಗಿದ್ದು, ಅದರೊಳಗಿರುವ ಇದಕ್ಕೆ ೧೧-ಅ ಎಂಬ ಸಂಖ್ಯೆ ದೊರೆಯಿತು. ತಗಡಿನ ಫಲಕವನ್ನು ಬಾಗಿಲಿಗೆ ನೇತುಹಾಕಲಾಯಿತು. ಗೋಂದಣ್ಣನವರು ಫಲಕವನ್ನೇ ನೋಡುತ್ತ ನಿಂತು, “ಸಾರ್, ಇದು ನನ್ನ ಟೆಂಟು” ಎಂದರು. ಕಟ್ಟಡ ಶಾಖೆಯವರು, “ನಿಮ್ಮದೇ ಇರ್ಲಿ ಗೋಂದಣ್ಣ, ನಾವೇನು ಕಿತ್ಕೊಂಡು ಹೋಗ್ತೀವಾ? ಇಲ್ಲೇ ಇರುತ್ತಲ್ಲ” ಎಂದು ಸಮಾಧಾನ ಹೇಳಿದರು. ಕೊಠಡಿಯನ್ನು ಕೆಡವಲು ಅನುಮತಿ ಬೇಕು, ಅನುಮತಿ ಬರಲು ಸಭೆ ಬೇಕು, ಸಭೆ ನಡೆಸಲು ಸಭಾಂಗಣ ಬೇಕು, ಸಭಾಂಗಣದಲ್ಲಿ ಡೇರೆಯಿದೆ. ಇದನ್ನು ಅವರಿಗೆ ಸಾವಧಾನವಾಗಿ ವಿವರಿಸಲಾಯಿತು.

೯. ಎತ್ತರ. ಖಾಲಿ ಕೊಠಡಿಯನ್ನು ಹಾಗೇ ಬಿಡುವಂತಿಲ್ಲವಾದ್ದರಿಂದ ಕುಂದುಕೊರತೆ ಶಾಖೆಯನ್ನು ಗುರುವಾರ ಮಧ್ಯಾಹ್ನವೇ ಅಲ್ಲಿಗೆ ಸ್ಥಳಾಂತರಿಸಲಾಯಿತು. ಕುಂದುಕೊರತೆ ಮೇಡಂ ಇದುವರೆಗೆ ಮಹಡಿ ಮೆಟ್ಟಿಲ ಕೆಳಗೆ ಕೂರುತ್ತಿದ್ದು, ಯಾರಾದರೂ ಮೆಟ್ಟಿಲು ಹತ್ತಿದರೆ ಅವರ ತಲೆಯ ಮೇಲೆ ಸುಣ್ಣ ಉದುರುತ್ತಿತ್ತು. ಎದ್ದರೆ ತಲೆಗೆ ಏಟು. ಅವರು ಡೇರೆಯೊಳಗೆ ಗಿಡ್ಡ ಮೇಜು ಹಾಕಿಕೊಂಡು ಕೂತು, ಬೆನ್ನು ನೆಟ್ಟಗೆ ಮಾಡಿ, “ಅಬ್ಬಾ! ತಲೆ ತಾಗ್ತಾ ಇಲ್ಲ ಕಣ್ರೀ!” ಎಂದರು. ಕಣ್ಣಲ್ಲಿ ನೀರಿತ್ತು. ಗೋಂದಣ್ಣನವರಿಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಏಕೆಂದರೆ ಆ ಎತ್ತರವನ್ನು ಬೇಕೆಂದೇ ಆರಿಸಲಾಗಿತ್ತು. ಡೇರೆ ಕೊಳ್ಳುವ ಮೊದಲು ನರ್ಸಮ್ಮನವರು ಹೊಸ್ತಿಲ ಮೇಲೆ ನಿಂತು, “ಚಿಕ್ಕದಾದ್ರೂ ಪರವಾಗಿಲ್ಲ ರೀ, ಎದ್ದು ಕೂತರೆ ತಲೆ ತಾಗಬಾರದು. ಕೂತ್ಕೊಂಡು ಜಡೆ ಹಾಕ್ಕೋಬೇಕು ನಾನು. ನೀವು ನೋಡ್ತಾ ಇರ್ಬೇಕು” ಎಂದಿದ್ದರು. ಆಕೆ ಜಡೆ ಹೆಣೆದುಕೊಳ್ಳುವುದನ್ನು ನೋಡಿ ಎಷ್ಟು ಕಾಲವಾಯಿತೋ ಎಂದು ಗೋಂದಣ್ಣನವರಿಗೆ ಅಂದೇ ಅನ್ನಿಸಿತ್ತು. ಅಂಗಡಿಯಲ್ಲಿ ಅವರು ಒಂದೊಂದು ಡೇರೆಯೊಳಗೂ ಕೂತು, ಎರಡೂ ಕೈ ತಲೆಯ ಹಿಂದೆ ಎತ್ತಿ, ಇಲ್ಲದ ಜಡೆಯನ್ನು ಹೆಣೆದು ನೋಡಿದ್ದರು. ಅಂಗಡಿಯವರು ಇವರ ಬೋಳು ತಲೆಯನ್ನು ನೋಡಿ ಏನೂ ಕೇಳಲಿಲ್ಲ. ಡೇರೆಯ ಎತ್ತರವನ್ನು ನಿರ್ಧರಿಸುವ ಅಧಿಕೃತ ವಿಧಾನ ಇನ್ನು ಮುಂದೆ ಇದೇ ಆಗಿರುತ್ತದೆ.

೧೦. ಮನೆಯವರಿಗೆ ತಿಳಿಸುವುದು. ಡೇರೆ ಕಚೇರಿಯಲ್ಲಿ ಸಿಕ್ಕಿಕೊಂಡಲ್ಲಿ ಅಂದೇ ಮನೆಯವರಿಗೆ ತಿಳಿಸತಕ್ಕದ್ದು. ಗುರುವಾರ ಸಂಜೆ ನರ್ಸಮ್ಮನವರು ಬೀಗದ ಕೈ ಕೊಡುತ್ತ, “ಎರಡು ಪುಟ್ಟ ದಿಂಬು ಹೊಲಿಸಿದ್ದೀನಿ, ಮಡಚಿದ್ರೆ ಹೆಲ್ಮೆಟ್ ಒಳಗೇ ಹಿಡಿಸುತ್ತೆ. ಬೆಳಿಗ್ಗೆ ಪಾಳಿ ಮುಗಿಸಿ ಸೀದಾ ನಿಮ್ಮ ಆಫೀಸಿನ ಗೇಟಿಗೇ ಬರ್ತೀನಿ. ಸಹಿ ಹಾಕಿ ಬಂದ್ಬಿಡಿ, ಹೊರಟುಬಿಡೋಣ” ಎಂದರು. ಗೋಂದಣ್ಣನವರು ಅದಕ್ಕೂ “ಆಗ್ಲಿ” ಎಂದರು. ಆಕೆ ಬೀದಿ ತಿರುವಿನಲ್ಲಿ ಮರೆಯಾಗುವವರೆಗೆ ಬೀಗದ ಕೈ ಹಿಡಿದು ಅಲ್ಲೇ ನಿಂತಿದ್ದರು. ತಮ್ಮ ಮೇಲೆ ತಮಗೇ ಅಸಹ್ಯ ಹುಟ್ಟಿತೆಂದು ಆನಂತರ ವಿಚಾರಣೆಯಲ್ಲಿ ತಿಳಿಸಿದ್ದಾರೆ.

೧೧. ಧರ್ಮಪತ್ನಿಯವರ ಪ್ರವೇಶ. ಶುಕ್ರವಾರ ಬೆಳಿಗ್ಗೆ ನರ್ಸಮ್ಮನವರು ಗೇಟಿನಲ್ಲಿ ಕಾದು ಕಾದು ಸಾಕಾಗಿ, ಕೈಯಲ್ಲಿ ಹೆಲ್ಮೆಟ್, ಹೆಲ್ಮೆಟ್ಟಿನೊಳಗೆ ದಿಂಬುಗಳ ಸಮೇತ ಮಹಡಿ ಹತ್ತಿದರು. ಸಭಾಂಗಣದಲ್ಲಿ ಅವರು ಕಂಡದ್ದು: ತಮ್ಮ ನೀಲಿ ಡೇರೆ, ಅದಕ್ಕೊಂದು ತಗಡಿನ ಫಲಕ, ಮುಂದೆ ಅಹವಾಲು ಹಿಡಿದು ನಿಂತವರ ಸಾಲು, ಸಾಲಿನ ಪಕ್ಕದಲ್ಲಿ ತಮ್ಮ ಗಂಡ. “ಏನ್ರೀ ಇದು?” ಎಂದು ಕೇಳಿದರು. “ಕೊಠಡಿ ಆಗ್ಬಿಟ್ಟಿದೆ ಕಣೇ” ಎಂದರು ಗೋಂದಣ್ಣನವರು. ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕವನ್ನಲ್ಲ, ಕಣ್ಣನ್ನೇ ಒರೆಸಿಕೊಂಡರೆಂದು ಉಗ್ರಾಣಾಧಿಕಾರಿಯವರು ಸಾಕ್ಷಿ ನುಡಿದಿದ್ದಾರೆ.

ಆಗ ನರ್ಸಮ್ಮನವರು ಅಧೀಕ್ಷಕರತ್ತ ತಿರುಗಿ ನೀಡಿದ ಹೇಳಿಕೆ (ಉಲ್ಲೇಖ ೫) ಹೀಗಿದೆ: “ಸಾರ್, ಮದುವೆ ಆದಾಗಿಂದ ಈ ಊರಿನ ಮಕ್ಕಳನ್ನೆಲ್ಲ ನಾನೇ ಕೈಯಾರೆ ಭೂಮಿಗೆ ಬರಮಾಡ್ಕೊಂಡಿದ್ದೀನಿ. ಒಂದು ಮಗೂನೂ ಮೇಲಧಿಕಾರಿ ಸಹಿಗೆ ಕಾದು ಒಳಗೇ ಕೂತಿಲ್ಲ. ನಮ್ಮದೊಂದು ಟೆಂಟು ಆಚೆ ಬರೋಕೆ ಇಷ್ಟು ಹೆರಿಗೆ ನೋವಾ?”

ಅಧೀಕ್ಷಕರು, ಕುಂದುಕೊರತೆ ಇದ್ದಲ್ಲಿ ಕೊಠಡಿ ೧೧-ಅ ಒಳಗೆ ಸಲ್ಲಿಸಬಹುದು ಎಂದರು. ಉತ್ತರ ಹೊಳೆಯದಿದ್ದಾಗ ಹೀಗೆ ಹೇಳುವುದು ವಾಡಿಕೆ.

೧೨. ಅಹವಾಲುದಾರರ ನಿದ್ರೆ. ಸಾಲಿನಲ್ಲಿದ್ದವರು ತಾವಾಗಿಯೇ ದಾರಿ ಬಿಟ್ಟರು. ನರ್ಸಮ್ಮನವರು ಚಪ್ಪಲಿ ಬಿಟ್ಟು ಒಳಹೋಗಿ ಕೂತರು. ಮೇಡಂ, “ಹೇಳಿ ತಾಯಿ, ಏನು ತೊಂದರೆ?” ಎಂದು ಕೇಳಿ, ಬರೆದುಕೊಳ್ಳಲು ಕಾಗದಕ್ಕಾಗಿ ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ ನೋಡುವಷ್ಟರಲ್ಲಿ ಅವರು ಒಂದು ದಿಂಬನ್ನು ಕೆನ್ನೆಗಿಟ್ಟುಕೊಂಡು ನಿದ್ದೆ ಹೋಗಿದ್ದರು. ರಾತ್ರಿ ಅವಳಿ ಮಕ್ಕಳ ಹೆರಿಗೆಯಾಗಿತ್ತೆಂದು ಆಮೇಲೆ ತಿಳಿಯಿತು. ಇನ್ನೊಂದು ದಿಂಬು ಪಕ್ಕದಲ್ಲಿ ಖಾಲಿ ಇತ್ತು.

ಮೇಡಂ ತುದಿಗಾಲಲ್ಲಿ ಹೊರಬಂದರು. ಗೋಂದಣ್ಣನವರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡಸಿನ ಹಾಗೆ ಕೂತಿದ್ದರು. ಮೇಡಂ ಅವರ ಬಳಿ ಬಗ್ಗಿ, “ಕೊಠಡಿ ಇಬ್ಬರಿಗೆ ಅಂತ ಪರೀಕ್ಷೆ ಆಗಿದೆ ಗೋಂದಣ್ಣ. ನನ್ನ ಜಾಗ ಖಾಲಿ ಇದೆ. ಹೋಗಿ ಒಳಗೆ” ಎಂದರು. ಗೋಂದಣ್ಣನವರು ಅಭ್ಯಾಸಬಲದಿಂದ ಅಧೀಕ್ಷಕರ ಮುಖ ನೋಡಿದರು. ಅಧೀಕ್ಷಕರು ಚಾವಣಿಯ ಕಡೆ ನೋಡುತ್ತಿದ್ದರು. ಆಗ ಗೋಂದಣ್ಣನವರು ಯಾರಿಗೂ ‘ಆಗ್ಲಿ ಸಾರ್’ ಎನ್ನದೆ, ಯಾರ ಅಪ್ಪಣೆಗೂ ಕಾಯದೆ, ಬೂಟು ಬಿಚ್ಚಿಟ್ಟು ಒಳಹೋದರು. ಜಿಪ್ಪು ಎಳೆದ ಸದ್ದು ಕೇಳಿಸಿತು.

ಆದ್ದರಿಂದ ಅಹವಾಲುದಾರರು ಮಲಗಿರುವಾಗ ಕೆಳಗಿನವುಗಳನ್ನು ಪಾಲಿಸತಕ್ಕದ್ದು. ಮುದ್ರೆಗಳನ್ನು ಕುಟ್ಟದೆ ಒತ್ತತಕ್ಕದ್ದು. ಬೀರುಗಳನ್ನು ತೆರೆಯುವ ಮುನ್ನ ಕೀಲಿಗೆ ಎಣ್ಣೆ ಬಿಡತಕ್ಕದ್ದು. ಸೀನು ಬಂದವರು ಉಗ್ರಾಣಕ್ಕೆ ಹೋಗಿ ಸೀನತಕ್ಕದ್ದು. ಜಗಳವಾಡಲು ಬಂದ ಸಾರ್ವಜನಿಕರು ಸನ್ನೆಯಲ್ಲಿ ಜಗಳವಾಡತಕ್ಕದ್ದು. ಶುಕ್ರವಾರ ಇಡೀ ಕಚೇರಿ ಯಾರೂ ಹೇಳದೆಯೇ ಹೀಗೆ ನಡೆದುಕೊಂಡಿತು, ಸಾಹೇಬರು ಸ್ವತಃ ಬೂಟು ಕೈಯಲ್ಲಿ ಹಿಡಿದು ಓಡಾಡಿದರು.

೧೩. ಕೊಠಡಿ ಕುಸಿತ. ಬಿಸಿಲು ಕಿಟಕಿಯಿಂದ ಜಾರುವ ಹೊತ್ತಿಗೆ ಒಳಗಿನಿಂದ ಬಳೆಯ ಸದ್ದೂ, ಮೆಲ್ಲಗೆ ನಗುವ ಸದ್ದೂ ಕೇಳಿಸಿತು. ಬಟ್ಟೆಯ ಮೇಲೆ ಎರಡು ಕೈಗಳ ನೆರಳು ಮೇಲೆದ್ದು ಜಡೆ ಹೆಣೆಯುತ್ತಿತ್ತು. ಇನ್ನೊಂದು ನೆರಳು ಸುಮ್ಮನೆ ಕೂತು ನೋಡುತ್ತಿತ್ತು. ಸಭಾಂಗಣದಲ್ಲಿದ್ದ ಎಲ್ಲರೂ ಆ ಹೊತ್ತಿಗೆ ಬೇರೆ ಬೇರೆ ಕಡೆ ನೋಡಿದರು. ಉಗ್ರಾಣಾಧಿಕಾರಿಯವರು ಅಧೀಕ್ಷಕರ ಪಕ್ಕೆ ತಿವಿದು, “ಏನಾದ್ರೂ ಮಾಡ್ರೀ” ಎಂದರು. ಅದೇ ಮೊಣಕೈ.

ದಂಪತಿಗಳು ಹೊರಬಂದ ಕೂಡಲೇ ಅಧೀಕ್ಷಕರು ಕೋಲಿನ ಭದ್ರತೆಯನ್ನು ಪರಿಶೀಲಿಸುವ ಸಲುವಾಗಿ ಮೂಲೆಗೆ ಹೋಗಿ ಬಗ್ಗಿದರು. ಅವರ ಕೈ ತಾಗಿ ಕೋಲು ಕಳಚಿಕೊಂಡು, ಕೊಠಡಿ ಸಂಖ್ಯೆ ೧೧-ಅ ಪೂರ್ತಿಯಾಗಿ ಕುಸಿಯಿತು. ಪ್ರಾಣಹಾನಿ ಆಗಿಲ್ಲ. ಕೊಠಡಿ ಕೆಡವಲು ಅನುಮತಿ ಬೇಕೇ ಹೊರತು, ತಾನಾಗಿ ಕುಸಿಯಲು ಬೇಕಿಲ್ಲ. ಕುಸಿದ ಕೊಠಡಿಯ ಅವಶೇಷವನ್ನು ಅದೇ ದಿನ ತೆರವುಗೊಳಿಸಬೇಕೆಂದು ಕಟ್ಟಡ ಶಾಖೆಯ ನಿಯಮವೇ ಹೇಳುತ್ತದೆ. ಅಂತೆಯೇ ಎಲ್ಲ ಶಾಖೆಗಳವರೂ ಸೇರಿ ಅವಶೇಷವನ್ನು ಮಡಚಿದರು. ಡೇರೆಯೊಂದು ಬಂದ ಚೀಲದೊಳಕ್ಕೆ ಮತ್ತೆ ಹೋಗುವುದಿಲ್ಲವೆಂಬುದು ಲೋಕಕ್ಕೇ ಗೊತ್ತು. ಆದರೆ ತುಂಬಿದ ಬೀರುವಿನೊಳಕ್ಕೆ ಇನ್ನೂ ಹತ್ತು ಕಡತ ತುರುಕುವುದರಲ್ಲಿ ಈ ಕಚೇರಿಗಿರುವ ಅನುಭವ ಅಂದು ಕೈ ಹಿಡಿಯಿತು. ಮೊಣಕಾಲು ಕೊಟ್ಟು ಒತ್ತಿದವರು ಉಗ್ರಾಣಾಧಿಕಾರಿ. ಕಡತ ಕಟ್ಟುವ ದಾರದಿಂದ ಮೋಟಾರ್ ಸೈಕಲ್ಲಿಗೆ ಬಿಗಿದವರು ಮೇಡಂ.

೧೪. ಬಾಕಿ ವಿಳಾಸ. ಉಳಿದದ್ದು ಆಕ್ಷೇಪಣೆ ಮಾತ್ರ. ಅಧೀಕ್ಷಕರು ಗೇಟಿನಲ್ಲಿ ನಿಂತು, ಮೋಟಾರ್ ಸೈಕಲ್ಲಿನ ಸೀಟಿನ ಮೇಲೇ ಅರ್ಜಿಯನ್ನಿಟ್ಟುಕೊಂಡು, ರಜೆಯ ಅವಧಿಯ ವಿಳಾಸದಲ್ಲಿ ‘ಡೇರೆ’ ಎಂಬುದನ್ನು ಹೊಡೆದು, ಸ್ವಹಸ್ತದಿಂದ ಹೀಗೆ ತಿದ್ದಿದರು: ‘ಕೊಠಡಿ ಸಂಖ್ಯೆ ೧೧-ಅ. ಪುನರ್ನಿರ್ಮಾಣ ಸ್ಥಳ: ಕೆರೆ ದಂಡೆ.’ ಬಾಗಿಲಿಗೆ ಸಂಖ್ಯೆ ಇರುವುದರಿಂದ ಆಕ್ಷೇಪಣೆ ಇತ್ಯರ್ಥವಾಗಿದ್ದು, ರಜೆ ಮಂಜೂರಾಗಿದೆ. ನರ್ಸಮ್ಮನವರು ತಗಡಿನ ಫಲಕವನ್ನು ಬೆನ್ನಿಗೆ ನೇತುಹಾಕಿಕೊಂಡು ಹಿಂದೆ ಕೂತರು. ಗೋಂದಣ್ಣನವರು ಏನೋ ಹೇಳಲು ತಿರುಗಿ, “ಬರ್ತೀವಿ ಸಾರ್” ಎಂದರು. ‘ಬರ್ತೀನಿ’ ಎನ್ನದೆ ‘ಬರ್ತೀವಿ’ ಎಂದದ್ದನ್ನು ಅಧೀಕ್ಷಕರು ಗಮನಿಸಿದ್ದಾರೆ. ಫಲಕವು ಬೀದಿ ತಿರುವಿನವರೆಗೂ ಬಿಸಿಲಿಗೆ ಹೊಳೆಯುತ್ತಿತ್ತು.

೧೫. ತಾತ್ಕಾಲಿಕ ವ್ಯವಸ್ಥೆ. ಕುಂದುಕೊರತೆ ಮೇಡಂ ಮತ್ತೆ ಮೆಟ್ಟಿಲ ಕೆಳಗೆ ಹೋಗತಕ್ಕದ್ದಲ್ಲ. ಅವರು ಅಧೀಕ್ಷಕರ ಕೊಠಡಿಯನ್ನು, ತಿರುಗುವ ಕುರ್ಚಿಯ ಸಮೇತ, ಬಳಸಿಕೊಳ್ಳತಕ್ಕದ್ದು. ಅಧೀಕ್ಷಕರು ಈ ವಾರ ರಜೆಯಲ್ಲಿರುತ್ತಾರೆ. ಕಾರಣ: ಸ್ವಂತ ಕೆಲಸ.

ಈ ಸೂಚನೆಗಳನ್ನು ತಪ್ಪದೆ ಪಾಲಿಸುವುದು. ಪಾಲಿಸಲಾಗದವರು ಕಿಂಡಿಗಳನ್ನಾದರೂ ತೆರೆದಿಡುವುದು.

ಸಹಿ/-
ಅಧೀಕ್ಷಕರು
(ಸಾಹೇಬರ ಪರವಾಗಿ, ಸಾಹೇಬರು ಬೂಟು ಹುಡುಕುತ್ತಿದ್ದಾರೆ)

ಪ್ರತಿಗಳು:
೧. ಎಲ್ಲ ಶಾಖೆಗಳಿಗೆ, ಓದಿ ಸಹಿ ಮಾಡಲು. ಓದದವರು ಸಹಿ ಮಾತ್ರ ಮಾಡಲು.
೨. ಕಟ್ಟಡ ಶಾಖೆಗೆ, ಪಟ್ಟಿಯಲ್ಲಿ ೧೧-ಅ ಎದುರು ‘ಪ್ರವಾಸದಲ್ಲಿರುತ್ತದೆ’ ಎಂದು ಬರೆದುಕೊಳ್ಳಲು.
೩. ಉಗ್ರಾಣಾಧಿಕಾರಿಯವರಿಗೆ, ಮೊಣಕೈ ಬಗ್ಗೆ ಇನ್ನು ಯಾವ ದೂರೂ ಇಲ್ಲವೆಂಬ ಮಾಹಿತಿಗಾಗಿ.
೪. ಹೆರಿಗೆ ಆಸ್ಪತ್ರೆಯ, ಪಾಳಿ ಬದಲಾಯಿಸಿಕೊಟ್ಟ ನರ್ಸ್ ಅವರಿಗೆ, ಸುಖಪ್ರಸವದ ಹಾರೈಕೆಗಳೊಂದಿಗೆ.
೫. ಗೇಟಿನ ಕಾವಲುಗಾರರಿಗೆ. ಶುಕ್ರವಾರದ ನಿರ್ಗಮನ: ಮೂವರಲ್ಲ, ಇಬ್ಬರು.
೬. ಅಧೀಕ್ಷಕರ ಧರ್ಮಪತ್ನಿಯವರಿಗೆ, ಅಡುಗೆಮನೆಯಲ್ಲಿ, ಖುದ್ದಾಗಿ: ಅದೇ ಅಂಗಡಿಯಲ್ಲಿ ಹಸಿರು ಬಣ್ಣದ್ದೂ ಇದೆ. ನಿನ್ನೆ ಕೂತು ನೋಡಿ ಬಂದಿದ್ದೇನೆ, ಜಡೆ ಹಾಕಿಕೊಳ್ಳುವಷ್ಟು ಎತ್ತರವಿದೆ. ಗೊರಕೆಗೆ ಕಿಂಡಿಗಳಿವೆ. ಬರುತ್ತೀಯಾ ಎಂಬುದನ್ನು ದಯವಿಟ್ಟು ತಿಳಿಸುವುದು.